ದೊರೆಯನ್ನು ಪಾರ್ಸೆಲ್ ಮಾಡಿದ್ದು

ನೀರಿನ ಮೀಟರ್ ಓದುವವನಿಗೆ ನೀರಿನೊಳಗೆ ಬದುಕುವ ಪ್ರಾಣಿಗಳ ಬಗ್ಗೆಯೂ ಗೊತ್ತಿರಬೇಕು ಎಂದು ಯಾವ ಇಲಾಖೆಯೂ ಹೇಳಿಲ್ಲ. ನಮ್ಮ ಮೀಟರಣ್ಣ ಮಾತ್ರ ಹಾಗೆಂದು ಗಟ್ಟಿಯಾಗಿ ನಂಬಿದ್ದ. ಇಪ್ಪತ್ತೈದು ವರ್ಷದಿಂದ ಮನೆ ಮನೆಯ ಗೇಟು ತಟ್ಟಿ, ಸೊಂಟ ಬಗ್ಗಿಸಿ, ಮೀಟರಿನ ಗಾಜು ಒರೆಸಿ ಅಂಕಿ ಬರೆದುಕೊಂಡು, ನೀರಿನ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದ. ಅವನಿಗೆ ಬೇರೆ ಹೆಸರೊಂದಿದೆ ಎಂಬುದನ್ನು ಬೀದಿಯವರು ಮರೆತು ಎಷ್ಟೋ ಕಾಲವಾಗಿತ್ತು. ಸಿಟ್ಟು ಬಂದಾಗ ಹೆಂಡತಿ ಕೂಡ "ರೀ ಮೀಟರಣ್ಣೋರೇ" ಎಂದೇ ಕೂಗುತ್ತಿದ್ದಳು.

ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದ್ದ ಅವನ ಒಬ್ಬಳೇ ಮಗಳು ಒಂದು ದಿನ ಫೋನ್ ಮಾಡಿದಳು. ಹಾಸ್ಟೆಲ್ ಬಿಟ್ಟು ಸ್ವಂತ ರೂಮು ಮಾಡಿದ್ದಳಂತೆ. ರೂಮಿಗೆ ಮಂಚ ಬರುವ ಮೊದಲೇ ಗಾಜಿನ ತೊಟ್ಟಿ ತಂದಿಟ್ಟುಕೊಂಡಿದ್ದಳಂತೆ.

"ಅಪ್ಪಾ, ಇನ್ನು ದೊರೇನ ಕಳಿಸ್ಕೊಡು. ಆದ್ರೆ ನೀನು ಮಾತ್ರ ಮುಟ್ಬೇಡ. ಬಣ್ಣದ ಮೀನಿನ ಅಂಗಡಿ ಅಕ್ಕನಿಗೆ ಹೇಳು, ಎಲ್ಲಾ ಅವ್ರೇ ನೋಡ್ಕೋತಾರೆ" ಎಂದಳು.

ದೊರೆ ಎಂದರೆ ಅವಳು ಏಳನೇ ಕ್ಲಾಸಿನಿಂದ ಸಾಕಿದ ಮೀನು. ದೊಡ್ಡವರ ಮುಷ್ಟಿಯಷ್ಟು ಗಾತ್ರ, ಹೊಳೆಯುವ ಕೆಂಪು ಬಣ್ಣ, ತಲೆಯ ಮೇಲೆ ಕುಲಾವಿ ಹಾಕಿದಂತೆ ಬೆಳೆದ ಒಂದು ಮೆತ್ತನೆಯ ಗಂಟು. ಯಾರು ಹತ್ತಿರ ಹೋದರೂ ಗಾಜಿಗೆ ಮೂತಿ ತಾಗಿಸಿ ಬಾಯಿ ತೆರೆದು ಮುಚ್ಚಿ ಮಾಡುವುದು ಅದರ ಅಭ್ಯಾಸ. ಅದು ತನ್ನೊಬ್ಬನ ಹತ್ತಿರವೇ ಏನೋ ಕೇಳುತ್ತಿದೆ ಎಂದು ಆ ಮನೆಯ ಪ್ರತಿಯೊಬ್ಬರೂ ತಿಳಿದಿದ್ದರು.

"ಮುಟ್ಬೇಡ ಅಂದ್ರೆ ಏನರ್ಥ? ನಾನೇ ಕಳಿಸ್ತೀನಿ" ಎಂದ ಮೀಟರಣ್ಣ.

"ಅಪ್ಪಾ, ನೀನು ಕನ್ನಡಿ ಕಳಿಸಿದೆ, ನಂಗೆ ನೂರು ಕನ್ನಡಿ ಬಂತು. ಕುರ್ಚಿ ಕಳಿಸಿದೆ, ಅದರ ಕಾಲು ಇನ್ನೂ ಬರ್ತಾನೇ ಇದೆ."

"ಅವೆಲ್ಲ ಒಣ ಸಾಮಾನು ಕಣೇ. ಅದು ನನ್ನ ಲೈನ್ ಅಲ್ಲ. ಇದು ನೀರಿನ ವಿಷಯ."

ಆ ಕಡೆ ಮಗಳು ನಗಲಿಲ್ಲ. "ಕನ್ನಡಿ ಹೋದ್ರೆ ಇನ್ನೊಂದು ತಗೋಬಹುದು. ಇದು ನನ್ನ ದೊರೆ ಅಪ್ಪಾ" ಎಂದಳು. ದನಿ ಸಣ್ಣಗಾಗಿತ್ತು.

ಮೀಟರಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಜೀವಂತ ತಲುಪಿಸ್ತೀನಿ. ಇದು ನಿನ್ನಪ್ಪನ ಮಾತು" ಎಂದುಬಿಟ್ಟ. ಹಿಂದೆ ನಿಂತಿದ್ದ ಹೆಂಡತಿ ಹಣೆಗೆ ಕೈ ಹಚ್ಚಿದಳು.

ಬಣ್ಣದ ಮೀನಿನ ಅಂಗಡಿ ಅಕ್ಕನದು ಕಡ್ಡಿ ಮುರಿದ ಹಾಗೆ ಮಾತು. ಮೀನುಗಳ ಜೊತೆ ಮೃದುವಾಗಿಯೂ ಗಿರಾಕಿಗಳ ಜೊತೆ ಬಿರುಸಾಗಿಯೂ ಮಾತಾಡುವುದು ಆಕೆಯ ಕ್ರಮ. ಮೀಟರಣ್ಣ ತನ್ನ ಇಪ್ಪತ್ತೈದು ವರ್ಷದ ಅನುಭವವನ್ನು ಆಕೆಯ ಮುಂದೆ ಬಿಚ್ಚುವಷ್ಟರಲ್ಲಿ ಆಕೆ ಕೈ ಎತ್ತಿ ನಿಲ್ಲಿಸಿದಳು.

"ಪ್ಯಾಕಿಂಗ್ ನನ್ನ ಕೆಲಸ. ಚೀಲ, ಆಕ್ಸಿಜನ್, ಡಬ್ಬ ಎಲ್ಲಾ ನಾನೇ ಮನೆಗೆ ತರ್ತೀನಿ. ನಿಮ್ಮ ಕೆಲಸ ಒಂದೇ. ಎರಡು ದಿನ ಮೀನಿಗೆ ಏನೂ ಹಾಕ್ಬೇಡಿ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ತಿಂದು ಹೊರಟ್ರೆ ದಾರೀಲಿ ಹೊಟ್ಟೆ ಖಾಲಿ ಮಾಡುತ್ತೆ. ಒಂದು ಚೀಲದ ನೀರಲ್ಲಿ ಅದರ ಗಲೀಜೇ ಅದಕ್ಕೆ ವಿಷ. ಖಾಲಿ ಹೊಟ್ಟೇಲಿ ಹೋದ್ರೆ ಆರಾಮಾಗಿ ತಲುಪುತ್ತೆ. ಎರಡು ದಿನ ತಿನ್ನದಿದ್ರೆ ಯಾವ ಮೀನೂ ಸಾಯಲ್ಲ, ಇದಂತೂ ಸಾಯೋದೇ ಇಲ್ಲ. ನಾನು ಬಂದಾಗ ತೊಟ್ಟಿ ನೀರು ತಿಳಿಯಾಗಿರ್ಬೇಕು. ಇಲ್ದಿದ್ರೆ ಪ್ಯಾಕ್ ಮಾಡಲ್ಲ."

ಇಷ್ಟು ಸುಲಭವೇ ಎಂದು ಮೀಟರಣ್ಣ ಶಿಳ್ಳೆ ಹಾಕುತ್ತಾ ಮನೆಗೆ ಬಂದ. ಏನೂ ಮಾಡದೆ ಇರುವುದರಲ್ಲಿ ಅವನನ್ನು ಮೀರಿಸುವವರು ನಿಜಕ್ಕೂ ಇರಲಿಲ್ಲ.

ಹಜಾರದ ನಡುವೆ ನಿಂತು ಗಂಟಲು ಸರಿಮಾಡಿಕೊಂಡು ಆಜ್ಞೆ ಹೊರಡಿಸಿದ. "ಇವತ್ತಿಂದ ದೊರೆಗೆ ಊಟ ಬಂದ್."

ಮನೆಯಲ್ಲಿ ಸಿಡಿಲು ಬಿದ್ದಂತಾಯಿತು. ಅವನ ತಾಯಿ ಕನ್ನಡಕ ತೆಗೆದು, "ಪ್ರಯಾಣ ಹೊರಟವರನ್ನ ಹಸಿದ ಹೊಟ್ಟೇಲಿ ಕಳಿಸ್ತಾರೇನೋ?" ಎಂದಳು.

"ಅಮ್ಮಾ, ಅದು ಮೀನು."

"ಮೀನಿಗೆ ಹೊಟ್ಟೆ ಇಲ್ವಾ?"

ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು. "ಕಾಫಿ ಹತ್ತು ನಿಮಿಷ ತಡವಾದ್ರೆ ನೀವು ಮನೆ ಮೇಲೆ ಕೆಳಗೆ ಮಾಡ್ತೀರಿ. ಅದಕ್ಕೆ ಎರಡು ದಿನ ಉಪವಾಸಾನಾ?"

ಮೂಲೆಯ ಕುರ್ಚಿಯಲ್ಲಿ ಮಾವ ಕೂತಿದ್ದರು. ಹೆಂಡತಿಯ ತಂದೆ. ಕಣ್ಣಿನ ಆಪರೇಷನ್ನಿಗೆಂದು ಒಂದು ವಾರಕ್ಕೆ ಬಂದು, ಕಣ್ಣು ವಾಸಿಯಾಗಿ, ಕನ್ನಡಕ ಬದಲಾಗಿ, ಇನ್ನೂ ಹೊರಡದೆ ಇದ್ದವರು. "ಅಳಿಯಂದ್ರೇ, ನಾನು ಏನೂ ಹೇಳೋ ಹಾಗಿಲ್ಲ. ಇವತ್ತು ಮೀನು, ನಾಳೆ ನಾನು" ಎಂದು ನಿಟ್ಟುಸಿರು ಬಿಟ್ಟರು.

ಈ ಗಲಾಟೆಗೆ ಎದುರುಮನೆ ಟೀಚರಮ್ಮ ಕಿಟಕಿಗೆ ಬಂದಳು. ನಿವೃತ್ತ ಡ್ರಾಯಿಂಗ್ ಟೀಚರು. ದಿನವೂ ದೊರೆಯ ಚಿತ್ರ ಬರೆಯುತ್ತೇನೆಂದು ಬಂದು, ಬರೆಯದೆ ಹರಟೆ ಹೊಡೆದು ಹೋಗುವವಳು. ವಿಷಯ ತಿಳಿದು, "ಅಯ್ಯೋ, ಆ ಮುಖ ನೋಡಿದ್ರೆ ಯಾರಿಗಾದ್ರೂ ಮನಸ್ಸು ಬರುತ್ತಾ?" ಎಂದಳು.

ಮೀಟರಣ್ಣ ಜಗ್ಗಲಿಲ್ಲ. ಮೀನಿನ ಆಹಾರದ ಡಬ್ಬಿಯನ್ನು ಕಪಾಟಿನ ತುದಿಗೆ ಏರಿಸಿದ. ತೊಟ್ಟಿಯ ಮೇಲೆ 'ಉಪವಾಸದಲ್ಲಿದೆ. ಯಾರೂ ಏನೂ ಹಾಕಬಾರದು. ಅಪ್ಪಣೆ ಮೇರೆಗೆ' ಎಂದು ಬರೆದು ಅಂಟಿಸಿದ. ಯಾರ ಅಪ್ಪಣೆ ಎಂದು ಬರೆಯುವ ಅಗತ್ಯ ಅವನಿಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಜಾರಕ್ಕೆ ಬಂದಾಗ ದೊರೆ ಗಾಜಿಗೆ ಮೂತಿ ತಾಗಿಸಿ ಬಾಯಿ ತೆರೆಯಿತು. ಮುಚ್ಚಿತು. ತೆರೆಯಿತು. ಮೀಟರಣ್ಣ ಮುಖ ತಿರುಗಿಸಿದ. ಪೇಪರು ತೆಗೆದ. ಪೇಪರಿನ ಅಂಚಿನಿಂದ ಇಣುಕಿದರೆ ದೊರೆ ಇನ್ನೂ ಅವನನ್ನೇ ನೋಡುತ್ತಿತ್ತು. ಆಚೆ ಈಚೆ ನೋಡಿ, ಸದ್ದಾಗದಂತೆ ಕುರ್ಚಿ ಎಳೆದು, ಡಬ್ಬಿ ಇಳಿಸಿ, ಒಂದೇ ಒಂದು ಚಿಟಿಕೆ ಹಾಕಿದ. ಇದನ್ನು ಊಟ ಎನ್ನಲು ಬರುವುದಿಲ್ಲ, ಬಾಯಿ ಒಣಗದಿರಲಿ ಎಂದು ಅಷ್ಟೆ, ಎಂದು ತನಗೆ ತಾನೇ ಹೇಳಿಕೊಂಡ. ಮೀನಿನ ಬಾಯಿ ಒಣಗುವುದು ಹೇಗೆ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಎರಡು ದಿನ ಕಳೆದ ಮೇಲೆ ಅಕ್ಕ ಆಟೋದಲ್ಲಿ ಆಕ್ಸಿಜನ್ ಸಿಲಿಂಡರ್ ಹೇರಿಕೊಂಡು ಬಂದಳು. ಬೀದಿಯವರು ಯಾರಿಗೋ ಉಸಿರಾಟದ ತೊಂದರೆ ಎಂದು ಹೌಹಾರಿ ಬಾಗಿಲಿಗೆ ಬಂದರು. ಅಕ್ಕ ಹಜಾರಕ್ಕೆ ಕಾಲಿಟ್ಟು, ತೊಟ್ಟಿ ನೋಡಿ, ಸಿಲಿಂಡರನ್ನು ದಡಕ್ಕನೆ ಕೆಳಗಿಟ್ಟಳು. ನೀರು ಗಂಜಿಯಂತಾಗಿತ್ತು. ಅದರೊಳಗೆ ದೊರೆ ಹೊಟ್ಟೆ ಮುಂದೆ ಮಾಡಿಕೊಂಡು ನಿಧಾನವಾಗಿ ತೇಲುತ್ತಿತ್ತು.

"ನೀವು ಇದಕ್ಕೆ ಉಪವಾಸ ಮಾಡಿಸಿದ್ರಾ, ಮದುವೆ ಮಾಡಿಸಿದ್ರಾ?" ಎಂದಳು ಅಕ್ಕ.

"ನನ್ನಾಣೆ, ಯಾರೂ ಏನೂ ಹಾಕಿಲ್ಲ!" ಎಂದ ಮೀಟರಣ್ಣ. ಚಿಟಿಕೆ ಅವನ ಲೆಕ್ಕಕ್ಕೇ ಇರಲಿಲ್ಲ. ತಾಯಿ ಗೋಡೆ ನೋಡಿದಳು. ಹೆಂಡತಿಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಯಿತು. ಮಾವ ಕಣ್ಣಿಗೆ ಔಷಧಿ ಬಿಟ್ಟುಕೊಳ್ಳತೊಡಗಿದರು, ಔಷಧಿ ಮುಗಿದು ತಿಂಗಳಾಗಿದ್ದರೂ.

"ನೀರು ಬದಲಾಯಿಸಿ, ಇನ್ನೆರಡು ದಿನ ಬಿಟ್ಟು ಬರ್ತೀನಿ" ಎಂದು ಅಕ್ಕ ಸಿಲಿಂಡರ್ ಎತ್ತಿಕೊಂಡು ನಡೆದಳು.

ಮೀಟರಣ್ಣ ತಲೆ ಕೆಡಿಸಿಕೊಂಡ. ಏನೂ ತಿನ್ನದ ಪ್ರಾಣಿ ದಪ್ಪವಾಗುವುದು ಹೇಗೆ? ಯೋಚಿಸಿ ಯೋಚಿಸಿ ಒಂದು ಸಿದ್ಧಾಂತಕ್ಕೆ ಬಂದ. ಆಫೀಸಿಗೆ ಹೋಗಿ ಎಂಜಿನಿಯರ್ ಸಾಹೇಬರ ಮೇಜಿನ ಮುಂದೆ ನಿಂತು, "ಸಾರ್, ನಾವು ಬಿಡ್ತಿರೋ ನೀರಲ್ಲೇ ಏನೋ ಪೌಷ್ಟಿಕಾಂಶ ಇದೆ. ಬರೀ ನೀರು ಕುಡಿದು ನಮ್ಮನೆ ಮೀನು ದಪ್ಪ ಆಗ್ತಿದೆ" ಎಂದ.

ಸಾಹೇಬರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಇದನ್ನ ಹೊರಗೆ ಯಾರ ಹತ್ರಾನೂ ಹೇಳ್ಬೇಡ. ಮೇಲಿನವರಿಗೆ ಗೊತ್ತಾದ್ರೆ ನಾಳೆಯಿಂದ ನೀರಿನ ರೇಟು ಜಾಸ್ತಿ ಮಾಡ್ಬಿಡ್ತಾರೆ."

ಹೇಳಬೇಡ ಎಂದದ್ದು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಉಪವಾಸದಿಂದ ದಪ್ಪವಾಗುವ ಮೀನನ್ನು ನೋಡಲು ಜನ ಬರತೊಡಗಿದರು. ಚಪ್ಪಲಿ ಬಿಡಲು ಹೊರಗೆ ಜಾಗ ಸಾಲಲಿಲ್ಲ. ಟೀಚರಮ್ಮ ತೊಟ್ಟಿಯ ಪಕ್ಕ ನಿಂತು ಬಂದವರಿಗೆಲ್ಲ ವಿವರಣೆ ಕೊಟ್ಟಳು. "ನೋಡಿ, ನಂಗೆ ಡಾಕ್ಟ್ರು ರಾತ್ರಿ ಊಟ ಬಿಡಿ ಅಂತಾರೆ. ನಾನು ಯಾಕೆ ಬಿಡಲ್ಲ ಅಂತ ಈಗ ಅರ್ಥ ಆಯ್ತಾ?"

ದೊರೆ ಮಾತ್ರ ದಿನದಿಂದ ದಿನಕ್ಕೆ ಉರುಟಾಯಿತು. ಗಾಬರಿಯಾದ ಮೀಟರಣ್ಣ ದನದ ಡಾಕ್ಟರನ್ನು ಕರೆತಂದ. ಅವರು ಎಮ್ಮೆ, ಹಸು ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಆದರೂ ಬಂದ ಮರ್ಯಾದೆಗೆ ಸ್ಟೆತಸ್ಕೋಪನ್ನು ಗಾಜಿಗೆ ಒತ್ತಿ, ಬಹಳ ಹೊತ್ತು ಕೇಳಿ, ತಲೆಯಾಡಿಸಿದರು.

"ಬಸುರಿ" ಎಂದರು.

"ಡಾಕ್ಟ್ರೇ, ಅದರ ಹೆಸರು ದೊರೆ!"

"ಹೆಸರಿಟ್ಟದ್ದು ನಾನಲ್ಲ" ಎಂದರು ಡಾಕ್ಟರು.

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ತಾಯಿ ಕಣ್ಣೊರೆಸಿಕೊಂಡಳು. ಮಾವ ಕುರ್ಚಿಯಿಂದ ತಾವಾಗಿಯೇ ಎದ್ದು ನಿಂತರು, ಇದು ಆ ಮನೆಯಲ್ಲಿ ಅಪರೂಪ. "ಹತ್ತು ವರ್ಷ ಒಂಟಿಯಾಗಿದ್ದ ಮೀನು ಬಸುರಿ ಆಗೋದು ಹೇಗೆ?" ಎಂದು ಹೆಂಡತಿ ಒಬ್ಬಳೇ ಕೇಳಿದಳು. ಅಂಥ ಪ್ರಶ್ನೆ ಹಿರಿಯರ ಮುಂದೆ ಕೇಳಬಾರದು ಎಂದು ತಾಯಿ ಸನ್ನೆ ಮಾಡಿದಳು.

ಮೀಟರಣ್ಣ ಅಕ್ಕನಿಗೆ ಫೋನ್ ಮಾಡಿ ಶುಭ ಸಮಾಚಾರ ತಿಳಿಸಿದ.

"ಬಸುರೂ ಇಲ್ಲ, ಬಾಣಂತನಾನೂ ಇಲ್ಲ" ಎಂದಳು ಅಕ್ಕ. "ಯಾರೋ ಕದ್ದು ತಿನ್ನಿಸ್ತಿದಾರೆ. ಕಳ್ಳ ನಿಮ್ಮನೇಲೇ ಇದಾನೆ, ಹಿಡೀರಿ. ಹೀಗೇ ಆದ್ರೆ ದಾರೀಲಲ್ಲ, ತೊಟ್ಟೀಲೇ ಹೋಗುತ್ತೆ."

ಫೋನ್ ಕೆಳಗಿಡುವಷ್ಟರಲ್ಲಿ ಅದು ಮತ್ತೆ ರಿಂಗಾಯಿತು. ಮಗಳು.

"ಹೊರಟನಾ ದೊರೆ?"

"ಸಿದ್ಧತೆ ನಡೀತಾ ಇದೆ."

ಮಗಳು, "ಆಗಲ್ಲ ಅಂದ್ರೆ ಬೇಜಾರಿಲ್ಲ ಅಪ್ಪಾ. ರಜಾ ಕೇಳಿ ನಾನೇ ಬಂದು ತಗೊಂಡು ಹೋಗ್ತೀನಿ" ಎಂದಳು. ಬೈದಿದ್ದರೆ ಮೀಟರಣ್ಣ ಸಹಿಸುತ್ತಿದ್ದ. ಅವಳ ದನಿಯಲ್ಲಿದ್ದ ಮೆದುತನವನ್ನು ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಟೋಪಿ ಹಾಕಿ, ಚೀಲ ಹೆಗಲಿಗೇರಿಸಿ, ಎಲ್ಲರಿಗೂ ಕೇಳುವಂತೆ "ಬರ್ತೀನಿ, ಇವತ್ತು ತಡ ಆಗುತ್ತೆ" ಎಂದು ಕೂಗಿ ಹೊರಟ. ಬೀದಿ ತಿರುಗಿ, ಹಿಂದಿನ ಓಣಿಗೆ ಬಂದು, ಬಚ್ಚಲಿನ ಬಾಗಿಲಿಂದ ಒಳಗೆ ನುಸುಳಿ, ತೊಟ್ಟಿ ಇಟ್ಟಿದ್ದ ಮೇಜಿನ ಕೆಳಗೆ ಸೇರಿಕೊಂಡ. ಮೇಜಿನ ಹೊದಿಕೆ ನೆಲಕ್ಕೆ ಒಂದು ಗೇಣು ಉಳಿಯುವವರೆಗೆ ಇಳಿಬಿದ್ದಿತ್ತು. ಆ ಗೇಣಿನಲ್ಲಿ ಅವನಿಗೆ ಕಾಣುತ್ತಿದ್ದದ್ದು ಪಾದಗಳು ಮಾತ್ರ.

ಮೊದಲು ಒಂದು ಕಾಲು ಎಳೆದು ಹಾಕುವ ಪಾದಗಳು ಬಂದವು. "ತಿನ್ನು ಕಂದಾ, ಬೇಯಿಸಿದ ಮೊಟ್ಟೆಯ ಹಳದಿ. ಆ ಕಟುಕ ಹೊರಗೆ ಹೋಗಿದಾನೆ" ಎಂದಿತು ದನಿ. ಹೆತ್ತ ತಾಯಿಯೇ! ಮೀಟರಣ್ಣ ತುಟಿ ಕಚ್ಚಿಕೊಂಡ.

ಸ್ವಲ್ಪ ಹೊತ್ತಿಗೆ ಒದ್ದೆ ಹೆಜ್ಜೆ ಮೂಡಿಸುತ್ತಾ ಎರಡು ಪಾದಗಳು ಬಂದವು. "ಬಟಾಣಿ ಸಿಪ್ಪೆ ಬಿಡಿಸಿ ತಂದಿದೀನಿ ಕಣಪ್ಪಾ. ನಿಂಗೆ ನಾನೊಬ್ಬಳೇ ಗತಿ" ಎಂದಳು ಹೆಂಡತಿ. ಆಮೇಲೆ ಊರುಗೋಲು. "ಬಿಸ್ಕತ್ತು ಕಾಫೀಲಿ ಅದ್ದಿದ್ದು. ನಾವಿಬ್ರೂ ಈ ಮನೇಲಿ ಒಂದೇ ದೋಣೀಲಿರೋರು" ಎಂದರು ಮಾವ. ಊರುಗೋಲು ಮರೆಯಾಗುವಷ್ಟರಲ್ಲಿ ಕೆಂಪು ಚಪ್ಪಲಿ ಹಾಜರು. ಟೀಚರಮ್ಮ ಬ್ರೆಡ್ಡು ಪುಡಿ ಮಾಡುತ್ತಾ, "ಮನೇಲಿ ಇಷ್ಟು ಜನ ಇದಾರೆ, ಒಬ್ಬರಿಗಾದ್ರೂ ಕರುಣೆ ಇದೆಯಾ!" ಎಂದು ಗೊಣಗಿದಳು. ಕೊನೆಗೆ ಪಾಲಿಶ್ ಹಾಕಿದ ಬೂಟುಗಳು ಬಂದವು. ಅವು ಯಾರವು ಎಂದು ಮೀಟರಣ್ಣನಿಗೆ ಹೊಳೆಯುವ ಮೊದಲೇ ದನದ ಡಾಕ್ಟರ ದನಿ ಕೇಳಿತು. "ಟಾನಿಕ್ ತಂದಿದೀನಮ್ಮಾ. ಹಸುವಿಗೆ ಅರ್ಧ ಬಾಟ್ಲಿ, ಇದಕ್ಕೆ ಒಂದು ಮುಚ್ಚಳ ಸಾಕು."

"ನಿಲ್ಲಿಸಿ!" ಎಂದು ಮೀಟರಣ್ಣ ಎದ್ದ. ತಾನು ಮೇಜಿನ ಕೆಳಗಿದ್ದೇನೆ ಎಂಬುದು ಮೇಜಿಗೆ ತಲೆ ಬಡಿದ ಮೇಲೆ ನೆನಪಾಯಿತು. ತೊಟ್ಟಿಯಿಂದ ಒಂದು ತಂಬಿಗೆಯಷ್ಟು ನೀರು ಅವನ ಮೇಲೆ ಚೆಲ್ಲಿತು. ಮೊಟ್ಟೆ, ಬಟಾಣಿ, ಬಿಸ್ಕತ್ತಿನ ಸಮೇತ. ಡಾಕ್ಟರು ಟಾನಿಕ್ ಬಾಟಲಿ ಬಿಟ್ಟು ಸೋಫಾ ಹತ್ತಿದರು.

ಸದ್ದಿಗೆ ಎಲ್ಲರೂ ಓಡಿ ಬಂದರು. ತಲೆಯಿಂದ ಬಟಾಣಿ ಉದುರಿಸಿಕೊಳ್ಳುತ್ತಾ ಮೀಟರಣ್ಣ ನ್ಯಾಯಾಧೀಶನಂತೆ ಒಬ್ಬೊಬ್ಬರನ್ನೇ ಬೊಟ್ಟು ಮಾಡಿ ಅಪರಾಧ ಓದಿದ. ಕಳ್ಳರು ತಮ್ಮ ತಪ್ಪಿಗೆ ನಾಚಲಿಲ್ಲ. ಉಳಿದವರೂ ಕಳ್ಳರೇ ಎಂದು ತಿಳಿದು ಬೆರಗಾದರು.

"ನೀನೂ ಹಾಕ್ತಿದ್ಯಾ? ನಾನೊಬ್ಬಳೇ ಅನ್ಕೊಂಡಿದ್ನಲ್ಲೇ!" ಎಂದಳು ಅತ್ತೆ ಸೊಸೆಗೆ. ಮದುವೆಯಾದ ಮೇಲೆ ಅವರಿಬ್ಬರಿಗೆ ಒಂದು ವಿಷಯದಲ್ಲಿ ಒಮ್ಮತ ಬಂದದ್ದು ಅದೇ ಮೊದಲು.

"ಮನೆ ತುಂಬಾ ಮೋಸಗಾರರು!" ಎಂದು ಮೀಟರಣ್ಣ ಗುಡುಗಿದ.

ಹೆಂಡತಿ ಸೊಂಟಕ್ಕೆ ಕೈ ಕೊಟ್ಟಳು. "ದಿನಾ ಬೆಳಿಗ್ಗೆ ಕುರ್ಚಿ ಹಾಕ್ಕೊಂಡು ಡಬ್ಬಿ ಇಳಿಸ್ತಿದ್ದೋರು ಯಾರು? ನಾನು ಹಾಸಿಗೇಲಿ ಒಂದು ಕಣ್ಣು ಬಿಟ್ಟೇ ಮಲಗೋದು."

"ಅದು… ಅದು ಊಟ ಅಲ್ಲ."

"ಮತ್ತೆ?"

ಮೀಟರಣ್ಣನ ಸ್ವರ ಇಳಿದುಹೋಯಿತು. ಒದ್ದೆ ಬಟ್ಟೆಯಲ್ಲೇ ಕುರ್ಚಿಯ ಮೇಲೆ ಕೂತ. "ಅದು ನನ್ನ ಮುಖ ನೋಡ್ತಿತ್ತು ಕಣೇ" ಎಂದ. ಆಮೇಲೆ, "ನೋಡಿ, ಮಗಳಿಗೆ ಮಾತು ಕೊಟ್ಟಿದೀನಿ. ಕನ್ನಡಿ ಒಡೀತು, ಅವಳು ನಕ್ಕಳು. ಕುರ್ಚಿ ಕಾಲು ಹೋಯ್ತು, ಆಗಲೂ ನಕ್ಕಳು. ಇದು ಸತ್ರೆ ನಗಲ್ಲ. ಇನ್ನು ಯಾವತ್ತೂ ನನ್ನ ಹತ್ರ ಏನೂ ಕೇಳಲ್ಲ" ಎಂದ. ಡಾಕ್ಟರು ಸೋಫಾದಿಂದ ಮೆಲ್ಲಗೆ ಇಳಿದರು.

ತೊಟ್ಟಿಯ ನೀರು ಬದಲಾಯಿತು. ಅಂದಿನಿಂದ ನಿಜವಾದ ಉಪವಾಸ ಶುರುವಾಯಿತು. ಒಬ್ಬರನ್ನು ಇನ್ನೊಬ್ಬರು ಕಾದರು. ತಾಯಿ ಹಜಾರಕ್ಕೆ ಹೋದರೆ ಹೆಂಡತಿ ಹಿಂದೆಯೇ, ಹೆಂಡತಿ ಹೋದರೆ ಮಾವ ಹಿಂದೆಯೇ. ದೊರೆಯ ಮುಖ ಕಂಡರೆ ತಾನೆ ಮನಸ್ಸು ಕರಗುವುದು ಎಂದು ತೊಟ್ಟಿಗೆ ದುಪ್ಪಟಿ ಹೊದಿಸಿದರು. ತಟ್ಟೆ ಲೋಟದ ಸದ್ದು ಅದಕ್ಕೆ ಕೇಳಿಸಬಾರದೆಂದು ಟಿವಿ ಜೋರಾಗಿ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಊಟ ಮಾಡಿದರು. ಟೀಚರಮ್ಮ ತನ್ನ ಕಿಟಕಿಯನ್ನೇ ಮುಚ್ಚಿಬಿಟ್ಟಳು. ಇದರಿಂದ ಬೀದಿಯ ಸುದ್ದಿ ಎರಡು ದಿನ ತಡವಾಗಿ ಹರಡಿತು.

ಅಕ್ಕ ಬಂದು ದುಪ್ಪಟಿ ಎತ್ತಿದಾಗ ನೀರು ಗಾಜಿನಷ್ಟೇ ತಿಳಿಯಾಗಿತ್ತು. "ಈಗ ಸರಿ" ಎಂದಳು. ಎಲ್ಲರೂ ಪರೀಕ್ಷೆ ಪಾಸಾದವರಂತೆ ಉಸಿರು ಬಿಟ್ಟರು.

ದಪ್ಪ ಪ್ಲಾಸ್ಟಿಕ್ ಚೀಲ ಬಂತು. ದೊರೆ ಮೂಲೆಯಲ್ಲಿ ಸಿಕ್ಕಿಕೊಳ್ಳದಂತೆ ಚೀಲದ ಎರಡು ತುದಿಗಳನ್ನು ಅಕ್ಕ ರಬ್ಬರಿನಿಂದ ಬಿಗಿದಳು. ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್. ಸಿಲಿಂಡರ್ ಬುಸ್ ಎಂದಾಗ ತಾಯಿ ಸೊಸೆಯ ಕೈ ಹಿಡಿದಳು. ಚೀಲದ ಮೇಲೆ ಇನ್ನೊಂದು ಚೀಲ, ಅದಕ್ಕೆ ಥರ್ಮೋಕೋಲ್ ಡಬ್ಬ, ಡಬ್ಬದ ಮುಚ್ಚಳದ ಸುತ್ತ ಟೇಪು.

"ಕತ್ತಲಲ್ಲಿದ್ರೆ ಗಾಬರಿ ಇಲ್ದೆ ಮಲಗುತ್ತೆ. ನಾಳೆ ಸಂಜೆವರೆಗೂ ಏನೂ ಆಗಲ್ಲ" ಎಂದಳು ಅಕ್ಕ. ಎಲ್ಲದರ ಹೊರಗೆ ಒಂದು ರಟ್ಟಿನ ಪೆಟ್ಟಿಗೆ. ಅದರ ಮೇಲೆ ಟೀಚರಮ್ಮ ದಪ್ಪ ಅಕ್ಷರದಲ್ಲಿ 'ಜೀವಂತ ಮೀನು, ಈ ಬದಿ ಮೇಲೆ' ಎಂದು ಬರೆದು, ನಗುತ್ತಿರುವ ದೊರೆಯ ಚಿತ್ರವನ್ನೂ ಬಿಡಿಸಿದಳು. ಅಕ್ಕ ಹಣ ಎಣಿಸಿಕೊಳ್ಳಲು, ಮೀಟರಣ್ಣ ಆಟೋ ಹಿಡಿಯಲು ಹೊರಗೆ ಹೋದರು. ಪೆಟ್ಟಿಗೆ ಸ್ವಲ್ಪ ಹೊತ್ತು ಮನೆಯವರ ವಶದಲ್ಲಿತ್ತು.

ಬಸ್ ನಿಲ್ದಾಣದ ಪಾರ್ಸೆಲ್ ಆಫೀಸಿಗೆ ಇಡೀ ಮನೆ ಹೊರಟಿತು, ಟೀಚರಮ್ಮನ ಸಮೇತ. ಕೌಂಟರಿನ ಹಿಂದೆ ಕೂತಿದ್ದ ಪಾರ್ಸೆಲ್ ಸಾಹೇಬ ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ.

"ತೂತೆಲ್ಲಿ?"

"ಯಾವ ತೂತು?"

"ಜೀವ ಇರೋ ಸರಕಿನ ಪೆಟ್ಟಿಗೆಗೆ ಗಾಳಿ ತೂತು ಇರ್ಬೇಕು. ನಿಯಮ."

"ಸಾರ್, ಒಳಗೆ ಗಾಳಿ ತುಂಬಿದೆ."

"ತೂತಿಲ್ದೆ ಒಳಗೆ ಹೆಂಗೆ ಹೋಯ್ತು?"

"ಹೋದ್ಮೇಲೆ ಮುಚ್ಚಿದ್ವಿ."

"ಮತ್ತೆ ಹೊರಗೆ ಹೆಂಗೆ ಬರುತ್ತೆ?"

"ಬರ್ಬಾರ್ದು ಸಾರ್!"

"ಬರ್ಬಾರ್ದಾ?" ಸಾಹೇಬ ಸಾಲಿನಲ್ಲಿ ನಿಂತವರ ಕಡೆ ನೋಡಿದ. "ಕೇಳಿದ್ರಾ? ಗಾಳಿ ಹೊರಗೆ ಬರ್ಬಾರ್ದಂತೆ. ನಿನ್ನೆ ಕೋಳಿ ಕಳಿಸಿದವರು ಪೆಟ್ಟಿಗೆ ತುಂಬಾ ತೂತು ಮಾಡ್ಕೊಂಡು ಬಂದಿದ್ರು."

"ಕೋಳಿ ನೀರಲ್ಲಿ ಇರಲ್ಲ ಸಾರ್."

"ಕೋಳಿ ನಿಯಮಾನೇ ಮೀನಿಗೂ" ಎಂದು ಸಾಹೇಬ ಖಾನೆಯಿಂದ ಗೋಣಿ ಹೊಲಿಯುವ ದಬ್ಬಣ ತೆಗೆದ. "ಬಸ್ ಹೊರಡೋ ಹೊತ್ತಾಯ್ತು. ನಾನೇ ನಾಲ್ಕು ಚುಚ್ಚಿಕೊಡ್ತೀನಿ, ಸರೀರಿ."

ಮೀಟರಣ್ಣ ಸರಿಯಲಿಲ್ಲ. ಕೌಂಟರಿನ ಮೇಲೆ ಹಾರಿ, ಪೆಟ್ಟಿಗೆಯನ್ನು ಅಪ್ಪಿಕೊಂಡು ಅಡ್ಡಡ್ಡ ಮಲಗಿಬಿಟ್ಟ. "ಚುಚ್ಚೋದಾದ್ರೆ ನನ್ನನ್ನ ಚುಚ್ಚಿ!"

ಸಾಲಿನಲ್ಲಿ ಗದ್ದಲವೆದ್ದಿತು. "ಮೀನಿಗೆ ಉಸಿರಾಡೋಕೆ ಬಿಡಯ್ಯಾ" ಎಂದ ಒಬ್ಬ. "ಪಾಪ, ಏನೋ ಸಂಕಟ" ಎಂದಳು ಒಬ್ಬಾಕೆ. ತಾಯಿ ಸಾಹೇಬನ ದಬ್ಬಣ ಹಿಡಿದ ಕೈಗೇ ಜೋತುಬಿದ್ದಳು. ಹೊರಗೆ ಬಸ್ಸು ಹಾರನ್ ಹೊಡೆಯಿತು.

ಕೌಂಟರಿನ ಮೇಲೆ ಮಲಗಿದ್ದ ಮೀಟರಣ್ಣನಿಗೆ ಆ ಕ್ಷಣದಲ್ಲಿ, ಬಹುಶಃ ಜೀವನದಲ್ಲಿ ಮೊದಲ ಸಲ, ನೇರವಾದ ಒಂದು ಯೋಚನೆ ಬಂತು. ಸೋರುವ ನಲ್ಲಿಗೂ ಸೋರದ ನಲ್ಲಿಗೂ ಇರುವ ವ್ಯತ್ಯಾಸವನ್ನು ಇಪ್ಪತ್ತೈದು ವರ್ಷ ನೋಡಿದವನು. ತಲೆ ಎತ್ತಿ ಕೇಳಿದ.

"ಸಾರ್, ನಿಮ್ಮ ನಿಯಮದಲ್ಲಿ ತೂತು ಪೆಟ್ಟಿಗೆಗೋ, ಒಳಗಿರೋದಕ್ಕೋ?"

"ಪೆಟ್ಟಿಗೆಗೆ."

"ಖಾಲಿ ಪೆಟ್ಟಿಗೆಗೆ ಮಾಡಿದ್ರೆ ಆಗುತ್ತಾ?"

ಸಾಹೇಬ ಯೋಚಿಸಿದ. ಖಾಲಿ ಪೆಟ್ಟಿಗೆಗೆ ತೂತು ಮಾಡಬಾರದು ಎಂದು ಎಲ್ಲೂ ಇರಲಿಲ್ಲ. "ತೂತು ಇದ್ರೆ ಆಯ್ತು" ಎಂದ.

ಮೀಟರಣ್ಣ ಇಳಿದು ರಟ್ಟಿನ ಪೆಟ್ಟಿಗೆಯ ಟೇಪು ಕಿತ್ತ. ಥರ್ಮೋಕೋಲ್ ಡಬ್ಬವನ್ನು ಎತ್ತಿದ ಕೂಡಲೇ ಅದರ ಸಂದಿಗಳಿಂದ ದಬದಬನೆ ಪೊಟ್ಟಣಗಳು ಉದುರಿದವು. ಒಂದು ಬಾಳೆಹಣ್ಣು ಉರುಳಿಕೊಂಡು ಸಾಹೇಬನ ಮುಂದೆ ಹೋಗಿ ನಿಂತಿತು.

"ಇದೇನಿದು?" ಎಂದ ಸಾಹೇಬ.

ಮೀಟರಣ್ಣ ನಿಧಾನವಾಗಿ ಹಿಂದೆ ತಿರುಗಿದ. ನಾಲ್ಕು ಜೋಡಿ ಕಣ್ಣುಗಳು ನೆಲ ನೋಡಿದವು.

"ದಾರೀಲಿ ಹಸಿವಾದ್ರೆ ಅಂತ…" ಎಂದಳು ತಾಯಿ.

"ಅಜ್ಜೀ, ಮೀನು ಗಂಟು ಬಿಚ್ಕೊಂಡು ತಿನ್ನುತ್ತಾ?" ಎಂದ ಸಾಹೇಬ.

"ಡ್ರೈವರಿಗೆ ಒಂದು ಮಾತು ಹೇಳಿದ್ರೆ ಬಿಚ್ಚಿ ಕೊಡಲ್ವಾ?"

ಸಾಹೇಬ ದಬ್ಬಣ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಲು ನಕ್ಕಿತು. ಕೊನೆಗೆ ಮಾವನೂ ಏನೆಂದು ತಿಳಿಯದೆ ನಕ್ಕರು. ನಗುತ್ತಲೇ ಸಾ‌ಹೇಬ ಖಾಲಿ ಪೆಟ್ಟಿಗೆಗೆ ನಿಯಮದ ಪ್ರಕಾರ ಎಲ್ಲಾ ಕಡೆ ತೂತು ಹಾಕಿಕೊಟ್ಟ. ಒಳಗೆ ಥರ್ಮೋಕೋಲ್ ಡಬ್ಬ ಮತ್ತೆ ಕೂತಿತು, ಮೇಲೆ ಮೊಹರು ಬಿತ್ತು. ಪೊಟ್ಟಣಗಳನ್ನೆಲ್ಲ ಮೀಟರಣ್ಣ ಡ್ರೈವರಿನ ಮಡಿಲಿಗೆ ಹಾಕಿ, "ಇದೆಲ್ಲ ನಿಮಗೆ. ಗುಂಡಿ ಕಂಡ ಕಡೆ ಸ್ವಲ್ಪ ನಿಧಾನ" ಎಂದು ಕೈ ಮುಗಿದ.

ಮರುದಿನ ಮೀಟರಣ್ಣ ಫೋನಿನ ಮುಂದೆ ಕೂತವನು ಏಳಲಿಲ್ಲ. ತಿಂಡಿ ಬೇಡ ಎಂದ. ಕಾಫಿ ಕೆನೆ ಕಟ್ಟಿತು. ಊಟದ ಹೊತ್ತಿಗೆ, "ಗಂಟಲಲ್ಲಿ ಇಳಿಯಲ್ಲ, ಸುದ್ದಿ ಬರ್ಲಿ" ಎಂದ. ಅವನ ಹಿಂದೆ ತಾಯಿ, ಹೆಂಡತಿ, ಮಾವ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಟೀಚರಮ್ಮ ಬೀದಿ ದಾಟಿ ಬಂದು ಬಾಗಿಲಲ್ಲಿ ನಿಂತಳು.

ಮಧ್ಯಾಹ್ನ ಜಾರುವಾಗ ಫೋನು ಬಂತು.

"ಅಪ್ಪಾ…" ಎಂದಳು ಮಗಳು. ಅಷ್ಟೇ. ಆಮೇಲೆ ಬಿಕ್ಕುವ ಸದ್ದು.

ಮೀಟರಣ್ಣನ ಮುಖ ಬಿಳುಚಿತು. "ಹೋಯ್ತಾ?" ಎಂದ.

"ಇಲ್ಲಪ್ಪಾ! ಚೆನ್ನಾಗಿದಾನೆ! ತೊಟ್ಟಿಗೆ ಬಿಟ್ಟ ಸ್ವಲ್ಪ ಹೊತ್ತಿಗೇ ನನ್ನ ಹತ್ರ ಬಂದು ಗಾಜಿಗೆ ಮೂತಿ ಇಟ್ಟು ಬಾಯಿ ತೆಗೀತಾ ಇದಾನೆ. ನನ್ನ ಗುರುತು ಹಿಡಿದಿದಾನೆ ಅಪ್ಪಾ, ಇಷ್ಟು ತಿಂಗಳಾದ್ಮೇಲೂ!"

ದೊರೆ ಯಾರನ್ನು ಕಂಡರೂ ಹಾಗೇ ಮಾಡುತ್ತದೆ ಎಂದು ಆ ಮನೆಯಲ್ಲಿ ಒಬ್ಬರೂ ಹೇಳಲಿಲ್ಲ. ತಾಯಿ ಮೂಗು ಒರೆಸಿಕೊಂಡು, "ಹಿಡೀದೆ ಇರ್ತಾನಾ" ಎಂದಳು.

"ನಿನ್ನ ಕೈಲಿ ಆಗಲ್ಲ ಅಂದಿದ್ದೆ ಅಪ್ಪಾ. ತಪ್ಪಾಯ್ತು. ನಿನ್ನಷ್ಟು ಜೋಪಾನವಾಗಿ ಯಾರೂ ಕಳಿಸ್ತಿರಲಿಲ್ಲ."

ಇದಕ್ಕೆ ಒಂದು ದೊಡ್ಡ ಮಾತು ಹೇಳಬೇಕೆಂದು ಮೀಟರಣ್ಣ ಬೆಳಗಿನಿಂದ ತಯಾರು ಮಾಡಿಕೊಂಡಿದ್ದ. "ನೀರಿನ ವಿಷಯ…" ಎಂದು ಶುರು ಮಾಡಿದ.

"ಊಟ ಮಾಡಿದ್ಯಾ ಅಪ್ಪಾ?"

"ಇನ್ನೂ ಇಲ್ಲ."

ಆ ಎರಡು ಪದಗಳನ್ನು ಹೇಳುವಾಗ ಹಿಂದೆ ಯಾರು ನಿಂತಿದ್ದಾರೆ ಎಂಬುದನ್ನು ಅವನು ಮರೆತಿದ್ದ. ತೊಟ್ಟಿ ಖಾಲಿಯಾಗಿ ಒಂದು ದಿನವಾಗಿತ್ತು, ತಿನ್ನಿಸಲು ಯಾರೂ ಇಲ್ಲದೆ ಅವರೆಲ್ಲರ ಕೈ ಕಟ್ಟಿಹೋಗಿತ್ತು. ತಾಯಿ ಅಡುಗೆಮನೆಗೆ ಓಡಿದಳು, ಹೆಂಡತಿ ಅವಳಿಗಿಂತ ಮೊದಲು ಓಡಿದಳು. ಟೀಚರಮ್ಮ ಬೀದಿ ದಾಟಿ ಮನೆಗೆ ಹೋಗಿ ಪಾತ್ರೆ ಹಿಡಿದು ವಾಪಸು ಬಂದಳು. ಮಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಬಾಯಿ ತೆಗೀರಿ ಅಳಿಯಂದ್ರೇ" ಎಂದರು. ನಾಲ್ಕು ಕಡೆಯಿಂದ ನಾಲ್ಕು ಕೈ ಬಂದವು.

"ಅಪ್ಪಾ? ಯಾಕೆ ಮಾತಾಡ್ತಿಲ್ಲ? ಅಳ್ತಾ ಇದೀಯಾ?" ಎಂದಳು ಮಗಳು ಫೋನಿನಲ್ಲಿ.

ಮೀಟರಣ್ಣ ಅಳುತ್ತಲೂ ಇದ್ದ, ಅಗಿಯುತ್ತಲೂ ಇದ್ದ.